ಜೋಡಿ ಗುಂಡಿನ ಪ್ಲೇಟು

"ಹಲೋ... ಹಲೋ... ಯಾರು ಮಾತಾಡೋದು? ಸ್ವಲ್ಪ ತಡೀರಿ, ಕೈಯಲ್ಲಿ ಹುಂಜ ಉಂಟು."

ಯಮುನ ರಿಸೀವರನ್ನು ಕೆನ್ನೆಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಪಟಪಟ ರೆಕ್ಕೆ ಬಡಿಯುತ್ತಿದ್ದ ಹುಂಜದ ಎರಡೂ ಕಾಲುಗಳನ್ನು ಒಂದೇ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. ಬುಟ್ಟಿಯಿಂದ ಹಾರಿದ್ದ ಅದು ಬಸ್ ಬುಕಿಂಗ್ ಆಫೀಸಿನ ಮೇಜಿನಡಿ ನುಗ್ಗಿ, ಪಾರ್ಸೆಲ್ ಮೂಟೆಗಳ ಹಿಂದೆ ಒಂದು ಸುತ್ತು ಹಾಕಿ, ಕೊನೆಗೆ ಏಜೆಂಟ್ ಕುಶಾಲಪ್ಪನ ಕುರ್ಚಿಯನ್ನೇ ಏರಿ ಕೂತಿತ್ತು. ಕುಶಾಲಪ್ಪ ಅವಳ ಅಪ್ಪ; ಹೊರಗೆ ಡ್ರೈವರನ ಜೊತೆ ಜಗಳದಲ್ಲಿದ್ದ. ಹುಂಜದ ಒಡತಿ, ತೋಟದ ಲೈನ್ ಮನೆಯ ಚಿನ್ನಿ, ಖಾಲಿ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತು ನಗುತ್ತಿದ್ದಳು.

…

"ಇಲ್ಲ, ಇಲ್ಲ. ಬೋಜಪ್ಪ ಮಾವ ಸತ್ತಿಲ್ಲ. ಯಾರು ಹೇಳಿದ್ದು ನಿಮಗೆ? ಬೆಳಿಗ್ಗೆಯಿಂದ ನನಗೆ ಇದೇ ಕೆಲಸ ಆಯ್ತು. ಚೆನ್ನಾಗಿದ್ದಾರೆ, ಕಡುಬು ತಿಂದು ತೋಟಕ್ಕೆ ಹೋಗಿದ್ದಾರೆ. ಯಾರೂ ಹೊರಟು ಬರೋದು ಬೇಡ... ಹಲೋ? ಯಾರು ಅಂತ ಹೇಳಿ ಮೊದಲು."

…

"ಓ."

…

"ಓ, ನೀನಾ ಭಾವ."

ಹುಂಜವನ್ನು ಚಿನ್ನಿಯ ಬುಟ್ಟಿಗೆ ತುರುಕಿ, ಮುಚ್ಚಳ ಒತ್ತಿಕೊಟ್ಟು, ಅವಳು ಅಪ್ಪನ ಕುರ್ಚಿಯಲ್ಲಿ ನಿಧಾನವಾಗಿ ಕೂತಳು. ಆತುರಪಡಬೇಕಾದವಳು ತಾನಲ್ಲ ಎಂಬುದು ಅವಳಿಗೆ ಆಗಲೇ ತಿಳಿದುಹೋಗಿತ್ತು.

"ಎಲ್ಲಿಂದ ಮಾತಾಡ್ತಾ ಇದ್ದೀ? ... ಮೈಸೂರಿಂದಾ? ಅಲ್ಲಿ ತನಕ ಓಡಿದ್ಯಾ? ನಿನ್ನೆ ಟಾಕೀಸಿನ ಹಿಂದಿನ ಬಾಗಿಲಲ್ಲಿ ಜೀಪು ಹತ್ತಿದೆ ಅಂತ ಕೇಳಿದೆ. ಫ್ರೇಜರ್‌ಪೇಟೆ ದಾಟಿರಲಿಕ್ಕಿಲ್ಲ ಅಂದ್ಕೊಂಡಿದ್ದೆ."

…

"ಗಿಟಾರಾದ್ರೂ ತಗೊಂಡು ಹೋದ್ಯಾ, ಅದನ್ನೂ ಇಲ್ಲೇ ಬಿಟ್ಯಾ?"

ಫೋನಿನ ಆ ತುದಿಯಲ್ಲಿದ್ದ ಬೆಳ್ಯಪ್ಪ, ಬೋಜಪ್ಪ ಮಾವನ ಒಬ್ಬನೇ ಮಗ. ಹಲ್ಲು ಬೀಳುವ ವಯಸ್ಸಿನಲ್ಲೇ ಊಟಿಯ ಬೋರ್ಡಿಂಗ್ ಶಾಲೆಗೆ ಹೋದವನು, ಮದ್ರಾಸಿನಲ್ಲಿ ಕಾಲೇಜು ಮುಗಿಸಿ, ಕೂದಲು ಕಿವಿಯ ಮೇಲೆ ಇಳಿಬಿಟ್ಟುಕೊಂಡು, ವಿದ್ಯುತ್ ಗಿಟಾರ್ ಹೊತ್ತು ವಾಪಸು ಬಂದ. ಮನೆಯ ಅರೆಭಾಷೆ ಅವನ ನಾಲಿಗೆಗೆ ಹತ್ತಲೇ ಇಲ್ಲ. ಅವನೊಡನೆ ಮಾತಾಡುವಾಗ ಹೆತ್ತವರೂ ಪೇಟೆಯ ಕನ್ನಡಕ್ಕೆ ಇಳಿಯುತ್ತಿದ್ದರು. ಬೋರ್ಡಿಂಗಿನ ಇಬ್ಬರು ಗೆಳೆಯರನ್ನು ಕರೆಸಿಕೊಂಡು, ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯಲ್ಲಿ ಅವನು ಬಾರಿಸಲು ಕೂತ. ಅಲ್ಲಿ ಗೋಡೆಗಳು ದನಿಯನ್ನು ಎರಡು ಮಾಡಿ ಹಿಂತಿರುಗಿಸುತ್ತಿದ್ದವು. ಗುಂಪಿಗೆ 'ದಿ ಪಲ್ಪರ್ಸ್' ಎಂದು ಹೆಸರಾಯಿತು. ಹಾಡಲು ಒಂದು ದನಿ ಬೇಕಿತ್ತು, ಯಮುನಳದು ಸಿಕ್ಕಿತು. ಆಮೇಲೆ ಒಂದು ಹಾಡೂ ಬೇಕಾಯಿತು. ಅದೂ ಯಮುನಳದೇ. ಸಂಜೆ ಬಸ್ಸುಗಳೆಲ್ಲ ಹೊರಟು, ಸ್ಟ್ಯಾಂಡಿನಲ್ಲಿ ಬರೀ ಎಣ್ಣೆಯ ಕಲೆಗಳು ಉಳಿದಾಗ ಈ ಕುರ್ಚಿಯಲ್ಲೇ ಕೂತು ಅವಳು ಕಟ್ಟಿದ್ದು:

ಕೊನೆ ಬಸ್ಸು ಹೋದ ಮೇಲೆ ಈ ಊರು ನನ್ನದು,
ಬೀಗ ಹಾಕಲಾಗದ ಬೀದಿಯೆಲ್ಲ ನನ್ನದು.

ಗ್ರಾಮಫೋನ್ ಪ್ಲೇಟಿನ ಕಂಪನಿಯೊಂದು ಒಪ್ಪಿ, ಮೊದಲು ಬೋಜಪ್ಪ ಮಾವನ ಅಂಗಳದಲ್ಲಿ ಹಾಡಿಗೊಂದು ಸಿನಿಮಾ ರೀಲು ತೆಗೆಯಿತು, ಆಮೇಲೆ ಮದ್ರಾಸಿನ ಸ್ಟುಡಿಯೋದಲ್ಲಿ ಅವಳ ದನಿ ಹಿಡಿಯಿತು; ನಿನ್ನೆ ಊರಿನ ಟಾಕೀಸಿನಲ್ಲಿ ಎರಡರದ್ದೂ ಬಿಡುಗಡೆ.

"ಜನ ಏನು ಹೇಳ್ತಾರೆ ಅಂತನಾ? ನಿನಗೇ ಗೊತ್ತಿರಬೇಕಲ್ಲ... ಹಾಂ, ಹೌದು, ನೀನು ಪರದೆಯ ಪಕ್ಕದಲ್ಲಿದ್ದೆ, ಹಾರ ಹಾಕಿಸ್ಕೊಳ್ಳೋದಕ್ಕೆ. ನಿನಗೆ ಜನರ ಮುಖ ಕಾಣಲಿಲ್ಲ. ನನಗೆ ಕಂಡಿತು. ಹೇಳ್ಲಾ?"

…

"ಬೇಡ ಅಂದ್ರೂ ಹೇಳ್ತೇನೆ. ದೀಪ ಆರಿತು. ಪರದೆ ಇನ್ನೂ ಕಪ್ಪಾಗೇ ಉಂಟು. ಮೊದಲು ಢಂ. ಅದರ ಬೆನ್ನಿಗೇ ಇನ್ನೊಂದು ಢಂ. ಅದರ ಒಳಗಿಂದಲೇ ನನ್ನ ದನಿ. ಅಷ್ಟರಲ್ಲಿ ಬಾಲ್ಕನಿಯ ಹೆಂಗಸರೆಲ್ಲ ಎದ್ದು ನಿಂತಾಗಿತ್ತು ಭಾವ. ಕೆಳಗೆ ಗಂಡಸರೆಲ್ಲ ಟೊಪ್ಪಿ ತೆಗೆದು ಕೈಯಲ್ಲಿ ಹಿಡ್ಕೊಂಡಿದ್ರು. ಹಿಂದಿನ ಬೆಂಚಿಂದ ಒಬ್ಬ 'ಯಾರ ಮನೇಲಿ?' ಅಂತ ಕೂಗಿದ. ಪರದೆಯೇ ಹೇಳ್ತಲ್ಲ ಯಾರ ಮನೆ ಅಂತ. ನಿಮ್ಮ ಮನೆ. ನಿಮ್ಮ ಅಂಗಳ. ಜಗಲಿ ಮೇಲೆ ವೀಳ್ಯ ಹಾಕ್ತಾ ಕೂತ ನಿನ್ನ ಅಪ್ಪ."

ಕೊಡಗಿನಲ್ಲಿ ಬೆಳೆದ ಮಗುವಿಗೂ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡಬೇಕಾಗಿಲ್ಲ. ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು. ಹುತ್ತರಿಯ ಕದಿರು ಕೊಯ್ಯುವಾಗ ಒಂದು ಗುಂಡು. ಒಂದರ ಬೆನ್ನಿಗೆ ಇನ್ನೊಂದು ಕೇಳಿದರೆ ಮಾತ್ರ ಉಣ್ಣುತ್ತಿದ್ದವನು ಕೈ ತೊಳೆದು ಏಳುತ್ತಾನೆ, ಗದ್ದೆಯಲ್ಲಿದ್ದವನು ಗುದ್ದಲಿ ಅಲ್ಲೇ ಬಿಡುತ್ತಾನೆ; ಸದ್ದು ಬಂದ ದಿಕ್ಕಿನ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ. ಸುದ್ದಿ ಹೊತ್ತು ತರಲು ಬೇರೆ ಆಳು ಬೇಕಿಲ್ಲ.

"ಮೊದಲು ಯಾರೂ ನಗಲಿಲ್ಲ. ಬದುಕಿರೋ ಮನುಷ್ಯನನ್ನ ಪರದೆ ಮೇಲೆ ನೋಡ್ತಾ ಎದ್ದು ನಿಂತಿದ್ರು, ಅಷ್ಟೆ. ಅದೇ ಮನುಷ್ಯ ಮುಂದಿನ ಸಾಲಲ್ಲಿ ಕೂತಿದ್ದಾರೆ. ಎಲ್ಲ ಒಮ್ಮೆ ಪರದೆ ನೋಡೋದು, ಒಮ್ಮೆ ಅವರನ್ನ ನೋಡೋದು. ಆಮೇಲೆ ನಗು ಶುರುವಾಯ್ತು. ನಿನಗೆ ಪಕ್ಕದಲ್ಲಿ ಕೇಳಿಸಿದ್ದು ಅದೇ. ಹಾಡು ಹಿಡಿಸಿ ನಗ್ತಾ ಇದ್ದಾರೆ ಅಂದ್ಕೊಂಡ್ಯಾ?"

…

"ಅಂದ್ಕೊಂಡೆ ಅಂತ ಒಪ್ಪಿಕೊಳ್ತೀಯಲ್ಲ, ಅದೇ ದೊಡ್ಡದು."

ಕಿಟಕಿಯ ಕಂಬಿಗಳ ನಡುವೆ ಒಂದು ಮುಖ ಮೂಡಿತು. ಶನಿವಾರಸಂತೆಯ ಮೆಣಸಿನಕಾಯಿ ವ್ಯಾಪಾರಿ ನಂಜಪ್ಪ. ಯಮುನ ರಿಸೀವರಿನ ಬಾಯಿಗೆ ಅಂಗೈ ಮುಚ್ಚಿದಳು.

"ಏನವ್ವಾ, ನಮ್ ಬಸ್ಸು ಬತ್ತದೋ, ಇಲ್ಲ ಅದೂ ಹೋಗ್ಬುಡ್ತೋ?"

"ಟೈರ್ ಹಾಕ್ತಾ ಇದ್ದಾರೆ, ಕೂತ್ಕೊಳ್ಳಿ ನಂಜಪ್ಪಣ್ಣ."

"ಫೋನಲ್ಲಿ ಆ ಗಿಟಾರಿನ ಅಯ್ಯನಾ? ನಾನೂ ನೆನ್ನೆ ಟಾಕೀಸಲ್ಲೇ ಇದ್ದೆ ಕಣವ್ವ. ಎಲ್ರೂ ಎದ್ರಲ್ಲ ಅಂತ ನಾನೂ ಎದ್ದು ನಿಂತ್ಕಂಡೆ. ರಾಷ್ಟ್ರಗೀತೆ ಅಂದ್ಕಂಡಿದ್ದೆ." ನಂಜಪ್ಪ ಬೆಂಚಿನಲ್ಲಿ ಕೂತು ಕಿವಿಯನ್ನು ಮಾತ್ರ ಇತ್ತ ಬಿಟ್ಟ.

"ಹಲೋ... ಇದ್ದೀಯಾ? ಹಾಂ, ಒಬ್ಬರು ನಿನ್ನ ಹಾಡು ಹೊಗಳ್ತಾ ಇದ್ರು. ಹೇಳು."

…

"ಅತ್ತೆ ಊಟ ಮಾಡಿದ್ರಾ ಅಂತ ನನ್ನನ್ನ ಕೇಳ್ತೀಯಾ? ಮಾಡಿಲ್ಲ. ಒಲೆ ಹೊತ್ತಿಸಿ ಕೂತಿದ್ದಾರೆ, ಬರೋ ಜನಕ್ಕೆಲ್ಲ ಕಾಫಿ ಆಗ್ಬೇಕಲ್ಲ. ಒಂದು ಜೀಪು ತುಂಬ ನೆಂಟರು ಸಾವಿಗೆ ಅಂತ ಬಂದು ಇಳಿದಿದ್ದಾರೆ. ಅಂಗಳದಲ್ಲಿ ಮಾವನೇ ಎದುರು ಬಂದು 'ಬನ್ನಿ' ಅಂದ್ರಂತೆ. ಒಬ್ಬಳು ಅಜ್ಜಿ ಅವರನ್ನ ಕಂಡು ಕೂಗಿಕೊಂಡು ಜೀಪಿಗೆ ವಾಪಸ್ ಹತ್ತಿದಳಂತೆ. ನಗ್ಬೇಡ."

…

"ನಗ್ತಾ ಇಲ್ವಾ? ಅಳ್ತಾ ಇದ್ದೀಯಾ? ಫೋನಲ್ಲಿ ಎರಡೂ ಒಂದೇ ತರ ಕೇಳ್ತದೆ ಮಾರಾಯ."

ನಿನ್ನೆ ಸಂಜೆ ಬೋಜಪ್ಪ ಮಾವ ಟಾಕೀಸಿನಿಂದ ನೇರ ಈ ಆಫೀಸಿಗೇ ಬಂದಿದ್ದರು. ಈಗ ನಂಜಪ್ಪ ಕೂತಿರುವ ಬೆಂಚಿನಲ್ಲೇ ಕೂತರು. ಯಮುನ ಕಾಫಿ ತಂದುಕೊಟ್ಟಳು. ಮಗನನ್ನು ಅವರು ಬೈಯಲಿಲ್ಲ. ಒಂದು ಗುಂಡು ಯಾವುದಕ್ಕೆ, ಎರಡು ಗುಂಡು ಯಾವುದಕ್ಕೆ ಎಂದು ಅವನಿಗೆ ಹೇಳಿಕೊಡಬೇಕಾಗಿದ್ದವನು ತಾನು, ಅಷ್ಟು ಚಿಕ್ಕವನನ್ನು ಊಟಿಗೆ ಕಳಿಸಿದ ತನ್ನದೇ ತಪ್ಪು ಎಂದರು. ಲೋಟದ ತಳದ ಸಕ್ಕರೆಯನ್ನು ಬೆರಳಿನಿಂದ ತೆಗೆದು ನೆಕ್ಕಿದರು. ಯಮುನ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಅವಳ ಲೆಕ್ಕದಲ್ಲಿ ಗುಂಡು ಬೀಳಬೇಕಾಗಿದ್ದುದು ಮಗನಿಗೆ. ಅಪ್ಪ ನಡುವೆ ಬಂದು ನಿಲ್ಲುತ್ತಾನೆಂದು ಅವಳು ಯೋಚಿಸಿರಲಿಲ್ಲ. ಯೋಚಿಸಿದ್ದರೆ ಏನು ಮಾಡುತ್ತಿದ್ದಳೋ, ಅದೂ ಅವಳಿಗೆ ಗೊತ್ತಿರಲಿಲ್ಲ.

"ಏನಂದೆ? ... ರೀಲಿನವನ ತಪ್ಪಾ? ಅವನೆಂತ ಮಾಡ್ತಾನೆ, ಮದ್ರಾಸಿನವನು. ಕೊಡಗು ಅಂದ್ರೆ ಕೋವಿ, ಕೋವಿ ಅಂದ್ರೆ ಸದ್ದು, ಅಷ್ಟೇ ಅವನ ತಲೇಲಿ. ಒಂದು ಗುಂಡೋ ಎರಡೋ ಅಂತ ಅವನು ನಿನ್ನನ್ನೇ ಕೇಳಿದ. ನೆನಪಿಲ್ವಾ? ನಾನು ಅಲ್ಲೇ ಇದ್ದೆ."

…

"ಹೂಂ, ಆಗ ನೀನು ನನ್ನನ್ನ ಕೇಳಿದೆ."

…

"ಕೇಳಿದೆ ಭಾವ. ಗಾಜಿನ ಆಚೆ ನಿಂತು ಮೈಕಲ್ಲಿ ಕೇಳಿದೆ. 'ಒಂದು ಸಪ್ಪೆ ಅನ್ನಿಸ್ತದೆ ಯಮುನ, ಎರಡು ಹಾಕೋಣ, ನಮ್ಮ ಕಡೆ ನಡೀತದಾ?' ಅಂತ. ನಾನು ಏನಂದೆ ಹೇಳು?"

…

"ಪೂರ್ತಿ ಹೇಳು. 'ನಡೀತದೆ' ಅಂತ ಮಾತ್ರ ಅಲ್ಲ."

…

"ಹಾಂ. 'ಒಂದರ ಬೆನ್ನಿಗೇ ಒಂದು, ಮಧ್ಯೆ ಜಾಸ್ತಿ ಬಿಡ್ಬೇಡ' ಅಂದೆ. ಹೌದು."

ನಂಜಪ್ಪನ ಕೈಯಲ್ಲಿದ್ದ ಬೀಡಿ ಹೊತ್ತದೆ ಹಾಗೇ ಉಳಿಯಿತು. ತಂತಿಯ ಆ ತುದಿಯಲ್ಲಿ ಮೈಸೂರಿನ ಯಾವುದೋ ರಸ್ತೆಯ ಜಟಕಾ ಗಂಟೆ ಕೇಳುತ್ತಿತ್ತು. ಬೆಳ್ಯಪ್ಪ ಉಸಿರು ಎಳೆದುಕೊಂಡದ್ದೂ ಕೇಳಿತು.

"ಗೊತ್ತಿತ್ತಾ ಅಂತನಾ?"

…

"ಗೊತ್ತಿಲ್ಲದೆ ಏನು? ನಾನು ಊಟಿಯಲ್ಲಿ ಓದಿದವಳಾ?"

ಇದನ್ನು ಹೇಳುವುದಕ್ಕೆ ಮದ್ರಾಸಿನಿಂದ ಬಂದ ದಿನದಿಂದಲೂ ಅವಳು ಕಾದಿದ್ದಳು. ಹೇಳುವಾಗ ಎದೆಯಲ್ಲಿ ಏನೋ ಹಾರಿ ಕುಣಿಯುತ್ತದೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಬಿಗಿಯಾಗಿ ಮುಚ್ಚಿದ್ದ ಡಬ್ಬಿಯ ಮುಚ್ಚಳ ತೆಗೆದಷ್ಟೇ ಆಯಿತು. ಆದರೆ ಹಿತವಾಗಿತ್ತು. ಇನ್ನಷ್ಟು ಹೇಳಬೇಕೆನ್ನಿಸಿತು.

"ಎರಡನೇ ಗುಂಡು ಮುಗಿಯೋ ಮೊದಲೇ ನನ್ನ ದನಿ ಏಳಬೇಕು ಅಂತ ನಾನೇ ಅಂದಿದ್ದು. ಸದ್ದಿನ ಒಳಗಿಂದಲೇ ಎದ್ದು ಬರ್ಬೇಕು ಅಂತ. ನೀನು ಗಾಜಿನ ಆಚೆ ಕುಣಿದೆ, 'ಜೀನಿಯಸ್, ಜೀನಿಯಸ್' ಅಂತ. ಈಗ ಕತ್ತರಿಸು ನೋಡುವ. ಗುಂಡು ತೆಗೆದ್ರೆ ನನ್ನ ಮೊದಲ ಸಾಲೂ ಹೋಗ್ತದೆ. ಅದಕ್ಕೇ ಅಲ್ವಾ ನೀನು ಫೋನ್ ಮಾಡಿದ್ದು? ಅಪ್ಪ ಅಮ್ಮನ ವಿಚಾರಕ್ಕಲ್ಲ."

…

"ಯಾಕೆ ಅಂತ ಕೇಳ್ತೀಯಾ? ನಿಜವಾಗಿ ಕೇಳ್ತಾ ಇದ್ದೀಯಾ? ನಿನಗೆ ಗೊತ್ತಿಲ್ವಾ?"

…

"ಬರೀ ಒಂದು ರೀಲಿಗೆ? ಬರೀ ಒಂದು ರೀಲು ಅದು, ಹೌದು. ನಿಮ್ಮ ಅಂಗಳಕ್ಕೆ ರೀಲಿನವರೆಲ್ಲ ಪೆಟ್ಟಿಗೆ, ದೀಪ, ಛತ್ರಿ ಇಳಿಸಿದ ದಿನ ನಾನು ಬೆಳಿಗ್ಗೆಯೇ ಎದ್ದು ತಲೆಗೆ ಸ್ನಾನ ಮಾಡಿ, ಅವ್ವನ ಪತ್ತಾಕು ಸರ ಹಾಕ್ಕೊಂಡು, ಬಸ್ಸಲ್ಲಿ ನಿಂತುಕೊಂಡೇ ಬಂದೆ. ಕೂತ್ರೆ ಸೀರೆ ಮುದುಡ್ತದೆ ಅಂತ. ನೀನು ಏನು ಮಾಡಿದೆ? ಎಲ್ಲರ ಎದುರು ನನ್ನ ಗಲ್ಲ ಹಿಡಿದು ಆ ಕಡೆ ತಿರುಗಿಸಿದೆ, ಈ ಕಡೆ ತಿರುಗಿಸಿದೆ, ಸಂತೇಲಿ ದನದ ಹಲ್ಲು ನೋಡೋ ಹಾಗೆ. 'ದನಿ ಬೇಕು, ಹಲ್ಲು ಬೇಡ' ಅಂದೆ. ಗೆಳೆಯರಿಬ್ಬರೂ ನಕ್ಕರು. ಇಂಗ್ಲಿಷಲ್ಲೇ ಅಂದೆ, ನನಗೆ ತಿಳಿಯಲ್ಲ ಅಂತ."

ಯಮುನಳ ಮೇಲಿನ ಎರಡು ಹಲ್ಲು ಸ್ವಲ್ಪ ಮುಂದೆ. ಚಿಕ್ಕಂದಿನಿಂದಲೂ ಅವು ಹಾಗೇ ಇದ್ದವು. ಬಸ್ ಸ್ಟ್ಯಾಂಡಿನಲ್ಲಿ, ಶಾಲೆಯಲ್ಲಿ, ಪಲ್ಪರ್ ಮನೆಯಲ್ಲಿ ಯಾರಿಗೂ ಅಡ್ಡ ಬಂದಿರಲಿಲ್ಲ. ಆ ದಿನದಿಂದ ಅವಳು ನಗುವಾಗ ಮೇಲಿನ ತುಟಿಯನ್ನು ಕೆಳಗೆಳೆಯುವುದನ್ನು ಕಲಿತಿದ್ದಳು.

"ನನ್ನ ಬದಲು ಕರೆಸಿದ ಆ ಹುಡುಗಿ ಜೀಪಿಂದ ಇಳಿದಳು. ಒಳ್ಳೇ ಹುಡುಗಿ ಪಾಪ, ಅವಳದ್ದು ಏನೂ ಇಲ್ಲ. ಅವಳಿಗೆ ನಮ್ಮ ಕಡೆ ಸೀರೆ ಉಡೋದಕ್ಕೆ ಬರಲ್ಲ. ನೆರಿಗೆ ಹಿಂದಕ್ಕೆ ಬರ್ಬೇಕು ಅಂದ್ರೆ ನಗ್ತಾಳೆ. ಯಾರು ಉಡಿಸಿದ್ದು? ನಾನು. ಯಾವ ಸೀರೆ? ನಾನು ಉಟ್ಟುಕೊಂಡು ಬಂದದ್ದೇ. ಅತ್ತೆಯ ಹಳೇ ಸೀರೆ ಸುತ್ತಿಕೊಂಡು, ನನ್ನದನ್ನ ಬಿಚ್ಚಿ ಅವಳಿಗೆ ಉಡಿಸಿದೆ ಭಾವ. ಸರವನ್ನೂ ಹಾಕಿದೆ. ಆಮೇಲೆ ನನ್ನನ್ನ ಎಲ್ಲಿ ನಿಲ್ಲಿಸಿದೆ ನೀನು?"

…

"ಹೇಳು, ಎಲ್ಲಿ?"

…

"ಗೊಬ್ಬರದ ಗುಂಡಿ ಹತ್ತಿರ. ಕ್ಯಾಮೆರಾ ಹಿಂದೆ. ನಾನು ಅಲ್ಲಿ ನಿಂತು ಹಾಡೋದು, ಅವಳು ಅಂಗಳದಲ್ಲಿ ಬಾಯಿ ಆಡಿಸೋದು. ಸಂಜೆ ತನಕ. ಮಧ್ಯಾಹ್ನ ಎಲ್ಲರಿಗೂ ಬಡಿಸೋದೂ ನಾನೇ."

ಬಾಗಿಲಲ್ಲಿ ನೆರಳು ಬಿತ್ತು. ಕುಶಾಲಪ್ಪ ಜಗಳ ಮುಗಿಸಿ, ಕೈಗೆ ಗ್ರೀಸು ಹತ್ತಿಸಿಕೊಂಡು ಬಂದು ಹುಬ್ಬೇರಿಸಿ ಮಗಳನ್ನು ನೋಡಿದ.

"ಎಂಥ ಇಲ್ಲೆ ಅಪ್ಪಾ," ಮನೆಮಾತಿನಲ್ಲಿ ಎಂದಳು ಯಮುನ, "ಈಗ ಬನ್ನೆ."

ಕುಶಾಲಪ್ಪ ಅವಳ ಮುಖವನ್ನೂ ಫೋನನ್ನೂ ನೋಡಿ, ಒಂದು ಮೂಟೆಯನ್ನು ಬೆನ್ನಿಗೇರಿಸಿಕೊಂಡು ಹೊರಗೆ ಹೋದ.

"ಹೂಂ, ಹೇಳು... ನಿನ್ನ ಮೇಲೆ ಸಿಟ್ಟಿದ್ರೆ ನಿನಗೇ ಹೊಡೀಬೇಕಿತ್ತಾ? ಹೊಡೆದೆನಲ್ಲ... ಏನು? ಮಾವನನ್ನ ಯಾಕೆ ಎಳೆದೆ ಅಂತನಾ?"

ಯಮುನ ಫೋನಿನ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಅದು... ಜಗಲಿ ಮೇಲೆ ಅವರನ್ನ ಕೂರಿಸಿದ್ದು ನೀನು. 'ಹಳ್ಳಿ ಮುದುಕ ಒಬ್ಬ ಇದ್ರೆ ಚಿತ್ರ ಚೆನ್ನಾಗಿ ಬರ್ತದೆ' ಅಂದವನು ನೀನು. ಆದ್ರೂ, ಹೌದು. ಅದು ನನ್ನ ತಪ್ಪು. ಅವರು ನಿನ್ನೆ ಇಲ್ಲಿಗೆ ಬಂದಿದ್ರು. ನಿನ್ನನ್ನ ಒಂದು ಮಾತು ಬೈಯಲಿಲ್ಲ. ಮಗನಿಗೆ ಹೇಳಿಕೊಡದ ತಪ್ಪು ತನ್ನದು ಅಂದ್ರು."

…

"ಇದ್ದೀಯಾ?"

…

"ಮೂಗು ಒರೆಸ್ಕೊ. ನಾನೇ ಹೇಳ್ತೇನೆ ಮಾವನಿಗೆ. ಗುಂಡು ಹಾಕಿಸಿದ್ದು ನಾನು, ಬೇಕು ಅಂತಲೇ ಹಾಕಿಸಿದ್ದು ಅಂತ. ಇವತ್ತು ಸಂಜೆಯೇ ಹೋಗಿ ಹೇಳ್ತೇನೆ. ಅವರು ಹೊಡೆದ್ರೆ ಹೊಡೆಸ್ಕೊಳ್ತೇನೆ, ಮನೆಗೆ ಸೇರಿಸದಿದ್ರೆ ಜಗಲಿಯಿಂದಲೇ ವಾಪಸ್ ಬರ್ತೇನೆ. ಅದು ಅವರಿಗೋಸ್ಕರ. ನಿನಗೆ ಉಪಕಾರ ಅಂತ ತಿಳ್ಕೊಬೇಡ."

…

"ಯಾರು? ... ಕಂಪನಿಯವರಾ? ಪಕ್ಕದಲ್ಲೇ ಇದ್ದಾರಾ? ಇಷ್ಟೊತ್ತು ಕೇಳ್ತಾ ಇದ್ರಾ? ಕೊಡು ಹಾಗಾದ್ರೆ."

ಅವಳು ಕುರ್ಚಿಯಲ್ಲಿ ನೆಟ್ಟಗಾದಳು. ಗೊತ್ತಿಲ್ಲದೆಯೇ ಕೂದಲು ಸರಿಮಾಡಿಕೊಂಡಳು.

"ನಮಸ್ಕಾರ ಸರ್... ಹೌದು, ನಾನೇ ಯಮುನ... ಹೌದು ಸರ್, ಹಾಡಿದ್ದು ನಾನೇ, ನೀವೇ ಅವತ್ತು ರೆಕಾರ್ಡಿಂಗಿನ ಗುಂಡಿ ಒತ್ತಿದ್ದು... ಕನ್ನಡದಲ್ಲೇ ಹೇಳಿ ಸರ್, ಅರ್ಥ ಆಗ್ತದೆ... ಹಾಂ... ಹಾಂ... ಎಲ್ಲ ಪ್ಲೇಟೂ ವಾಪಸ್ ಬಂದಿದೆಯಾ? ಇವತ್ತೇ? ... ತೋಟದವರು ಬಿಟ್ರೆ ಬೇರೆ ಯಾರು ತಗೊಳ್ತಾರೆ ಸರ್ ಅದನ್ನ, ರೇಡಿಯೋಗ್ರಾಂ ಇರೋದೇ ಅವರ ಮನೇಲಿ. ಅವರ ಮನೇಲಿ ಹಾಕಿದ್ರೆ ಪಕ್ಕದ ತೋಟದವರು ಓಡಿ ಬರ್ತಾರೆ."

ನಂಜಪ್ಪ ಕೆಮ್ಮುವಂತೆ ನಕ್ಕ.

"ಪುನಃ ಹಾಡ್ಬೇಕಾ? ಗುಂಡಿಲ್ಲದೆ... ಅರ್ಥ ಆಯ್ತು ಸರ್. ಮದ್ರಾಸಿಗೆ ಬಂದು... ಯಾಕೆ, ಆ ಹುಡುಗಿ ಹಾಡಲ್ವಾ? ... ಹಾಂ, ಬರೀ ಬಾಯಿ... ಗೊತ್ತು ಸರ್, ನಾನು ನೋಡಿದ್ದೇನೆ."

…

"ನನ್ನ ಹೆಸರಾ?"

ಅವಳ ದನಿ ಇಳಿಯಿತು. ಮೊನ್ನೆ ಪೆಟ್ಟಿಗೆ ಬಂದಿಳಿದಾಗ, ಬಿಡುಗಡೆಯವರೆಗೂ ಯಾರೂ ಒಡೆಯಬಾರದು ಎಂದು ಬೆಳ್ಯಪ್ಪ ಹೇಳಿದ್ದರೂ, ಅವಳು ಇದೇ ಆಫೀಸಿನ ಮೂಲೆಯಲ್ಲಿ ಹಲಗೆ ಸರಿಸಿ ಒಂದು ಪ್ಲೇಟನ್ನು ಹೊರಗೆಳೆದು ನೋಡಿದ್ದಳು. ನಡುವಿನ ಕೆಂಪು ಕಾಗದದಲ್ಲಿ 'ದಿ ಪಲ್ಪರ್ಸ್' ಎಂದಿತ್ತು. 'ಕೊನೆ ಬಸ್ಸು' ಎಂದಿತ್ತು. 'ಗೀತೆ, ಸಂಗೀತ: ಬೆಳ್ಯಪ್ಪ' ಎಂದಿತ್ತು. ತಿರುಗಿಸಿ ಇನ್ನೊಂದು ಮಗ್ಗುಲನ್ನೂ ನೋಡಿದ್ದಳು. ಹಾಡಿದವಳು ಯಾರೆಂದು ಎಲ್ಲೂ ಇರಲಿಲ್ಲ.

"ಹೆಸರು ಎಲ್ಲಿ ಬರ್ತದೆ ಸರ್? ... ಪಲ್ಪರ್ಸ್ ಕೆಳಗಾ, ಮೇಲಾ? ... ಅಕ್ಷರ ಅಷ್ಟೇ ದಪ್ಪ ಇರ್ತದಾ? ... ಹಾಂ. ರೀಲೂ? ಪುನಃ ತೆಗೀತೀರಾ? ನನ್ನನ್ನ ಇಟ್ಟಾ?"

…

"ಪಕ್ಕದಿಂದ ಬೆಳಕು ಹಾಕಿದ್ರೆ ಹಲ್ಲು ಕಾಣಲ್ವಾ... ಓ."

ಹೊರಗೆ ಶನಿವಾರಸಂತೆಯ ಬಸ್ಸಿನ ಎಂಜಿನ್ನು ಒಮ್ಮೆ ಕೆಮ್ಮಿ ನಿಂತಿತು. ಕಣ್ಣ ಮುಂದೆ ಪರದೆ ಬಂತು. ಅದರ ಮೇಲೆ ಅವಳದೇ ಮುಖ, ಟಾಕೀಸಿನಷ್ಟು ಎತ್ತರ, ಬಾಯಿ ತೆರೆದು, ಹಲ್ಲುಗಳೂ ಅಷ್ಟೇ ದೊಡ್ಡದಾಗಿ. ಅದು ಬೇಕಿತ್ತು. ಯಾರಿಗೂ ಹೇಳಿಕೊಳ್ಳಲಾಗದಷ್ಟು ಬೇಕಿತ್ತು. ಈಗಲೂ ಬೇಕು ಅನ್ನಿಸಿತು.

"ಫೋನ್ ಅವನಿಗೆ ಕೊಡಿ ಸರ್... ಇಲ್ಲ, ಅವನ ಹತ್ತಿರವೇ ಮಾತಾಡ್ಬೇಕು."

…

"ಭಾವ, ಕಂಪನಿಯವರು ಏನೇನೋ ಹೇಳ್ತಾರೆ. ನೀನು ಹೇಳು. ಹಾಡು ಕಟ್ಟಿದ್ದು ಯಾರು ಅಂತ ಬರೀತೀರಿ?"

…

"ಹಾಡಿದವಳು ಯಮುನ. ಅದು ಕೇಳಿದೆ. ಕಟ್ಟಿದ್ದು?"

…

"ರಾಗ ನಿನ್ನದಾ? ಯಾವಾಗಿಂದ? ಬಸ್ಸಿನ ಹಾರ್ನ್ ಇಟ್ಟುಕೊಂಡು ನಾನು ಗುನುಗಿದ್ದನ್ನ ನೀನು ತಂತಿ ಮೇಲೆ ಹುಡುಕಿದೆ, ಅಷ್ಟೆ. ಹುಡುಕೋದಕ್ಕೇ ನಿನಗೆ ಒಂದು ಮಳೆಗಾಲ ಬೇಕಾಯ್ತು."

…

"ಅರ್ಧ ಅರ್ಧ ಹಾಕ್ತೀಯಾ? ಹಲಸಿನ ಹಣ್ಣಾ ಇದು?"

ನಂಜಪ್ಪ ಈಗ ಬೆಂಚಿನ ತುದಿಗೆ ಜರುಗಿದ್ದ. ಅವನ ಬಸ್ಸು ಹೊರಡಲು ಸಿದ್ಧವಾಗಿ ಹಾರ್ನ್ ಹೊಡೆಯಿತು, ಅವನು ಕದಲಲಿಲ್ಲ.

"ಸರಿ. ನಿನ್ನ ಹೆಸರು ಪೂರ್ತಿ ತೆಗೀತೀಯಾ? ... ಗೀತೆ, ಸಂಗೀತ, ಗಾಯನ, ಮೂರೂ? ... ಯಮುನ ಅಂತ ಮಾತ್ರ? ... ಪಕ್ಕದಲ್ಲಿ ಅವರಿದ್ದಾರಲ್ಲ, ಅವರ ಎದುರೇ ಹೇಳು. ಗಟ್ಟಿಯಾಗಿ."

…

ಅವನು ಗಟ್ಟಿಯಾಗಿಯೇ ಹೇಳಿದ. ರಿಸೀವರಿನಿಂದ ಹೊರಚಿಮ್ಮಿದ ಆ ಸದ್ದಿನಲ್ಲಿ ಮಾತು ತಿಳಿಯದಿದ್ದರೂ ಅದು ಸೋತವನ ದನಿ ಎಂದು ನಂಜಪ್ಪನಿಗೂ ತಿಳಿಯಿತು.

"ಅಂದ್ರೆ ಹಾಡು ನನ್ನದು ಅಂತ ಒಪ್ಪಿಕೊಂಡೆ."

…

"ಎಷ್ಟು ಕಷ್ಟಪಟ್ಟೆ ಅಷ್ಟು ಹೇಳೋದಕ್ಕೆ. ಗುಂಡು ಹೊಡೀಬೇಕಾಯ್ತು."

…

"ನಾಳೆ ಬೆಳಿಗ್ಗೆ ಬಸ್ಸಾ? ಸೀಟು ನಾನೇ ಹಿಡ್ಕೊಬೇಕಾ, ಸರಿ ಹೋಯ್ತು. ಮೈಸೂರಲ್ಲಿ ನೀನು ಕಾಯ್ತೀಯಾ... ರೈಲಿಗೆ... ಹೂಂ... ಅತ್ತೆಗೂ ಸಮಾಧಾನ ಆಗ್ತದೆ ಅಂತೀಯಾ? ಜನ ಮರೀತಾರೆ, ಹೊಸ ಪ್ಲೇಟು ಬಂದ್ರೆ ಎಲ್ಲ ಸರಿ ಆಗ್ತದೆ... ಹೌದು, ಆಗ್ಬಹುದು. ಜನ ಬೇಗ ಮರೀತಾರೆ. ನೀನೂ ಮರೀತೀಯ. ಒಂದು ವರ್ಷ ಕಳೆದ ಮೇಲೆ 'ನಾನೇ ಅವಳನ್ನ ಮುಂದೆ ತಂದೆ' ಅಂತ ಕ್ಲಬ್ಬಲ್ಲಿ ಕೂತು ಹೇಳ್ತೀಯ. ನಾನೂ ಪಕ್ಕದಲ್ಲಿ ಕೂತು ತುಟಿ ಎಳ್ಕೊಂಡು ನಗ್ತೇನೆ."

…

"ಆಣೆ ಎಲ್ಲ ಬೇಡ."

…

"ಹೌದು, ನನ್ನ ಹಾಡನ್ನ ನಾನೇ ಹಾಳು ಮಾಡಿದೆ. ನಿನಗೆ ಸಿಗೋದಕ್ಕಿಂತ ಅದೇ ವಾಸಿ ಅನ್ನಿಸಿತು. ಈಗಲೂ ಅನ್ನಿಸ್ತದೆ."

…

"ಏನು ಬೇಕು ಹೇಳು ಅಂತ ಕೇಳ್ಬೇಡ. ಎಲ್ಲ ಕೊಡ್ತೇನೆ ಅಂದಾಯ್ತಲ್ಲ ನೀನು. ಹೆಸರು, ಮುಖ, ಹಾಡು. ಇನ್ನು ಕೊಡೋದಕ್ಕೆ ನಿನ್ನ ಹತ್ತಿರ ಏನೂ ಉಳಿದಿಲ್ಲ."

…

"ಬರ್ತೀಯಾ ಇಲ್ವಾ ಅಂತನಾ?"

ಯಮುನ ಎದ್ದು ನಿಂತಳು. ಇಂಥ ಉತ್ತರವನ್ನು ಕೂತುಕೊಂಡು ಹೇಳಲಾಗುವುದಿಲ್ಲ ಎಂಬಂತೆ.

"ಇಲ್ಲ ಭಾವ."

…

"ಸಿಟ್ಟಲ್ಲ. ಸಿಟ್ಟು ನಿನ್ನೆಯೇ ಮುಗೀತು... ಯೋಚನೆ ಮಾಡೋದಕ್ಕೆ ಏನಿಲ್ಲ... ನಾಳೆ ಪುನಃ ಫೋನ್ ಮಾಡಿದ್ರೂ ಇದೇ... ಸರ್‌ಗೂ ಹೇಳು. ನಾನು ಹಾಡೋದಿಲ್ಲ."

…

"ಕೇಳಿಸ್ತಾ? ಹಾಡೋದಿಲ್ಲ."

ತಂತಿಯಲ್ಲಿ ಕರಕರ ಎಂದಿತು, ದೂರದಲ್ಲಿ ಯಾರೋ ಬೇರೆಯದೇ ಊರಿನ ನಂಬರು ಕೇಳಿದರು, ಲೈನು ಕಡಿಯಿತು.